ಶಾಂಪೇನ್

ಬಯಲುನಾಡೆಂಬ ಅರ್ಥದ ಲ್ಯಾಟಿನ್ ‘ಕಂಪಾನಿಯ’ದಿಂದ ಹುಟ್ಟಿ, ಫ್ರಾನ್ಸಿನ ಈಶಾನ್ಯಕ್ಕೆ ರೀಮ್ಸ್, ಎಪರ್ನೇ ಪಟ್ಟಣಗಳ ಸುತ್ತಣ ಸುಣ್ಣದ ನೆಲಕ್ಕೆ ಅಂಕಿತವಾದ ಈ ಹೆಸರು, ಕಾಲಾಂತರದಲ್ಲಿ ಅಲ್ಲಿಯ ದ್ರಾಕ್ಷಾಮದ್ಯಕ್ಕೂ, ಬಳಿಕ ಜನರ ಬಾಯಲ್ಲಿ ನೊರೆಯೇಳುವ ಮದ್ಯಕ್ಕೆಲ್ಲ ಸಾಮಾನ್ಯನಾಮವಾಗಿಯೂ ಸಂದಿತು. ಕಾನೂನು ಈ ಔದಾರ್ಯವನ್ನೊಪ್ಪದು; 1994ರಿಂದ ಐರೋಪ್ಯ ಒಕ್ಕೂಟದಲ್ಲಿ ಅನ್ಯಪ್ರಾಂತದ ಸೀಸೆಯ ಮೇಲೆ ‘ಶಾಂಪೇನ್ ವಿಧಾನ’ವೆಂದು ಬರೆಯುವುದೂ ನಿಷಿದ್ಧ.

ವಿಧಾನವೇನೋ ಗುಟ್ಟಲ್ಲ: ಸಿದ್ಧಮದ್ಯಕ್ಕೆ ಸಕ್ಕರೆಯನ್ನೂ ಹುದುಗನ್ನೂ ಬೆರೆಸಿ, ಸೀಸೆಯೊಳಗೇ ಮರಳಿ ಹುದುಗಲು ಬಿಟ್ಟು, ತಿಂಗಳುಗಟ್ಟಲೆ ಮಲಗಿಸಿ, ಗಸಿಯನ್ನು ಮೆಲ್ಲಮೆಲ್ಲನೆ ಕೊರಳಿಗಿಳಿಸಿ ಹೆಪ್ಪುಗಟ್ಟಿಸಿದರೆ, ಮುಚ್ಚಳ ತೆಗೆದೊಡನೆ ಒಳಗಿನ ಒತ್ತಡವೇ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಸುಟ್ಟ ರೊಟ್ಟಿಯ ಆ ಪರಿಮಳ ಗಸಿಯ ಸಹವಾಸದ ಫಲವೇ. ಸ್ಪೇನಿನ ‘ಕಾವಾ’ (ನೆಲಮಾಳಿಗೆಯೆಂದು ಅರ್ಥ) ಇದೇ ದಾರಿಯದಾದರೂ, ಶಾಂಪೇನು ಕನಿಷ್ಠ 15 ತಿಂಗಳು ಕಾಯಬೇಕಾದಲ್ಲಿ ಇದಕ್ಕೆ 9 ತಿಂಗಳು ಸಾಕು. ಇಟಲಿಯ ಟ್ರಿಯೆಸ್ಟ್ ಬಳಿಯ ಹಳ್ಳಿಯ ಹೆಸರು ಹೊತ್ತ ‘ಪ್ರೊಸೆಕ್ಕೊ’ ಸಾಮಾನ್ಯವಾಗಿ ದೊಡ್ಡ ತೊಟ್ಟಿಯಲ್ಲಿ ಹುದುಗುವುದರಿಂದ ಅಗ್ಗ; ಅದರಲ್ಲಿ ಹಣ್ಣಿನ ತಾಜಾತನವುಂಟು, ಗಾಂಭೀರ್ಯ ಕಡಮೆ. ಬೆಲೆಯನ್ನೂ ರುಚಿಯನ್ನೂ ಕೂಡಿ ತೂಗುವವರಿಗೆ ನನ್ನ ಮತದಲ್ಲಿ ಫ್ರಾನ್ಸಿನದೇ ಲ್ವಾರ್, ಅಲ್ಸೇಸ್ ಪ್ರಾಂತಗಳ ‘ಕ್ರೆಮಾಂ’ ಎಂಬ ನೊರೆಮದ್ಯ ಉಚಿತವಾದುದು. ಹಿಂದೆ ಶಾಂಪೇನಿನವರೇ ತಮ್ಮ ಮಂದನೊರೆಯ ಸೀಸೆಗಳಿಗೆ ಬಳಸಿ, ಆಮೇಲೆ ಬಿಟ್ಟುಕೊಟ್ಟ ಪದವದು.