ಕೊಕುಲ್ಲೊದ ಸರ್ಪೋತ್ಸವ: ಐತಿಹ್ಯ, ದಾಖಲೆ, ಆಚರಣೆ

ಮಧ್ಯ ಇಟಲಿಯ ಅಬ್ರುಝೊ ಪ್ರಾಂತದಲ್ಲಿ, ಅಪೆನೈನ್ ಪರ್ವತಸಾಲಿನ ನಡುವೆ, ಸುಮಾರು 900 ಮೀಟರ್ ಎತ್ತರದಲ್ಲಿ ಕೊಕುಲ್ಲೊ ಎಂಬ ಪುಟ್ಟ ಊರಿದೆ. ಇಲ್ಲಿ ಇಂದು ಉಳಿದಿರುವವರು ಹೆಚ್ಚುಕಡಿಮೆ ಇನ್ನೂರು ಜನ. ಆದರೆ ಮೇ 1ರಂದು ಸಾವಿರಾರು ಜನ ಊರಿಗೆ ಬಂದು ಸೇರುತ್ತಾರೆ. ಅಂದು ಸಂತ ದೊಮೆನಿಕೊನ ವಿಗ್ರಹದ ಮೇಲೆ ಜೀವಂತ ಹಾವುಗಳನ್ನು ಹರಿಯಬಿಟ್ಟು ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತದೆ. ಕ್ರೈಸ್ತಪೂರ್ವ ಕಾಲದ ಸರ್ಪಪೂಜೆಯೇ ಸಂತನ ಹೆಸರಿನಲ್ಲಿ ಉಳಿದುಬಂದಿದೆ ಎಂಬ ಮಾತು ಈ ಹಬ್ಬದ ಬಗ್ಗೆ ರೂಢಿಯಲ್ಲಿದೆ. ದಾಖಲೆಗಳು ಈ ಮಾತನ್ನು ಎಷ್ಟರಮಟ್ಟಿಗೆ ಎತ್ತಿಹಿಡಿಯುತ್ತವೆ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾರ್ಸಿ ಜನ ಮತ್ತು ಅಂಗಿಟಿಯಾ

ಕೊಕುಲ್ಲೊದ ಪಶ್ಚಿಮಕ್ಕೆ ಪ್ರಾಚೀನ ಮಾರ್ಸಿ ಜನರ ನಾಡಿತ್ತು. 19ನೇ ಶತಮಾನದಲ್ಲಿ ಬತ್ತಿಸಲಾದ ಫುಚಿನೊ ಸರೋವರದ ದಡದಲ್ಲಿ, ಇಂದಿನ ಲೂಕೊ ಊರಿನ ಬಳಿ, ಅಂಗಿಟಿಯಾ ದೇವಿಯ ಪವಿತ್ರವನವಿತ್ತು. ಹಾವು, ವಿಷ ಮತ್ತು ಮದ್ದುಗಳೊಡನೆ ಈ ದೇವಿಯ ಹೆಸರು ತಳಕು ಹಾಕಿಕೊಂಡಿತ್ತು. ವರ್ಜಿಲ್ ಕವಿಯ ‘ಈನಿಯಡ್’ ಕಾವ್ಯದ ಏಳನೆಯ ಸರ್ಗದಲ್ಲಿ ಉಂಬ್ರೊ ಎಂಬ ಮಾರ್ಸಿ ಪುರೋಹಿತ ಬರುತ್ತಾನೆ. ಹಾವುಗಳನ್ನು ನಿದ್ದೆಗೆ ಕೆಡವುವ ವಿದ್ಯೆ ಬಲ್ಲ ಅವನಿಗೆ ಈಟಿಯ ಗಾಯಕ್ಕೆ ಮಾತ್ರ ಮದ್ದು ಸಿಗುವುದಿಲ್ಲ. ಮಾರ್ಸಿಗಳಿಗೆ ಹಾವಿನ ವಿಷ ತಾಗದು ಎಂಬ ನಂಬಿಕೆಯನ್ನು ಪ್ಲಿನಿಯೂ ದಾಖಲಿಸಿದ್ದಾನೆ.

ಇವೆಲ್ಲ ಗಟ್ಟಿ ಆಧಾರಗಳೇ. ಆದರೆ ಇವು ಹೇಳುವುದು ರೋಮನ್ ಕಾಲದ ಮಾತು. ಕೊಕುಲ್ಲೊದ ಸಂತ ಬಾಳಿದ್ದು ಅದಾದ ಸಾವಿರ ವರ್ಷಗಳ ಮೇಲೆ.

ಸಂತ ದೊಮೆನಿಕೊ

ಈತ ಡೊಮಿನಿಕನ್ ಪಂಥವನ್ನು ಕಟ್ಟಿದ ಸ್ಪೇನಿನ ಸಂತನಲ್ಲ. 951ರಲ್ಲಿ ಫೊಲಿನ್ಯೊದಲ್ಲಿ ಹುಟ್ಟಿ, 1031ರಲ್ಲಿ ಸೋರಾದಲ್ಲಿ ತೀರಿಕೊಂಡ ಬೆನೆಡಿಕ್ಟೈನ್ ಮಠಾಧಿಪತಿ. ಲಾಝಿಯೊ ಮತ್ತು ಅಬ್ರುಝೊದ ಬೆಟ್ಟಗಳಲ್ಲಿ ಸಂಚರಿಸಿ ಹಲವು ಮಠಗಳನ್ನು ಸ್ಥಾಪಿಸಿದ. ಕೊಕುಲ್ಲೊಗೆ ಸಮೀಪದ ವಿಲ್ಲಲಾಗೊದ ಮಠವೂ ಅವುಗಳಲ್ಲೊಂದು. ಆತನ ಶಿಷ್ಯ ಜಾನ್, ಬಳಿಕ ಮೊಂತೆ ಕಸ್ಸಿನೊದ ಆಲ್ಬೆರಿಕ್ ಆತನ ಜೀವನಚರಿತ್ರೆಗಳನ್ನು ಬರೆದರು. ಆತನು ಕೊಟ್ಟುಹೋದನೆಂದು ನಂಬಲಾದ ಒಂದು ದವಡೆಹಲ್ಲು ಮತ್ತು ಆತನ ಹೇಸರಗತ್ತೆಯ ಲಾಳ ಕೊಕುಲ್ಲೊದ ಪೂಜ್ಯ ಅವಶೇಷಗಳು.

ಜನ ಈ ಸಂತನಿಗೆ ಮೊರೆಯಿಡುವುದು ಮುಖ್ಯವಾಗಿ ಮೂರು ಕಾರಣಕ್ಕೆ: ಹಾವಿನ ಕಡಿತ, ಹುಚ್ಚುನಾಯಿಯ ಕಡಿತ ಮತ್ತು ಹಲ್ಲುನೋವು. ಅಂಗಿಟಿಯಾಳೇ ವೇಷ ಬದಲಿಸಿ ಬಂದಳೆನ್ನುವ ವಾದಕ್ಕೆ ಹಾವಿನ ವಿವರಣೆ ಸುಲಭ. ಹಲ್ಲು, ಲಾಳ, ಹುಚ್ಚುನಾಯಿಗಳಿಗೆ ಆ ವಾದದಲ್ಲಿ ಉತ್ತರವಿಲ್ಲ. ಮಂದೆಯನ್ನು ಕಾವಲುನಾಯಿಗಳೊಡನೆ ದೂರದ ಪೂಲ್ಯಾ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾಹಿಗಳ ಬದುಕಿನಲ್ಲಿ ಅವಕ್ಕೆ ಉತ್ತರ ಸಿಗುತ್ತದೆ. ಈ ಹಬ್ಬವನ್ನು ಅಧ್ಯಯನ ಮಾಡಿದ ಅಲ್ಫೊನ್ಸೊ ದಿ ನೋಲಾ 1976ರ ತಮ್ಮ ಕೃತಿಯಲ್ಲಿ ಅದನ್ನು ಇಂಥ ಬಡ ದುಡಿಮೆಗಾರರ ಸಂಸ್ಕೃತಿಯೊಳಗೇ ಇಟ್ಟು ನೋಡಿದ್ದಾರೆ.

ಆಚರಣೆಯ ಕ್ರಮ

ಮಾರ್ಚ್ ಕೊನೆಯ ಹೊತ್ತಿಗೆ ಹಿಮ ಕರಗಿ ಹಾವುಗಳು ಬಿಸಿಲಿಗೆ ಹೊರಬರುತ್ತವೆ. ‘ಸೆರ್ಪಾರಿ’ ಎಂದು ಕರೆಯಲ್ಪಡುವ ಹಾವಾಡಿಗರು ಆಗ ಬೆಟ್ಟ ಹತ್ತುತ್ತಾರೆ. ಅವರು ಹಿಡಿಯುವುದು ವಿಷವಿಲ್ಲದ ಹಾವುಗಳನ್ನು ಮಾತ್ರ. ಅವುಗಳಲ್ಲಿ ಮೈಮೇಲೆ ನಾಲ್ಕು ಗೆರೆಗಳಿರುವ ಚೆರ್ವೊನೆ ಮುಖ್ಯವಾದದ್ದು.

ಹಬ್ಬದ ದಿನ ಭಕ್ತರು ಇಗರ್ಜಿಯೊಳಗೆ ಗಂಟೆಯ ಸರಪಳಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಬಾರಿಸುತ್ತಾರೆ. ಹಾಗೆ ಮಾಡಿದರೆ ಹಲ್ಲುನೋವು ಬಾರದೆಂಬ ನಂಬಿಕೆ. ಸಂತನ ಗೂಡಿನ ಹಿಂದಿನ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಹೊಲಕ್ಕೆ ಎರಚುತ್ತಾರೆ. ನಡುಮಧ್ಯಾಹ್ನ ವಿಗ್ರಹ ಬಾಗಿಲು ದಾಟಿದೊಡನೆ ಸೆರ್ಪಾರಿಗಳು ಅದರ ಮೇಲೆ ಹಾವುಗಳನ್ನು ಇಡುತ್ತಾರೆ. ಅವು ಹೆಗಲಿಗೆ, ಕೊರಳಿಗೆ, ಕೈಯಲ್ಲಿನ ದಂಡಕ್ಕೆ ಸುತ್ತಿಕೊಳ್ಳುವ ಬಗೆಯನ್ನು ಜನ ಶಕುನವಾಗಿ ಓದುತ್ತಾರೆ. ಸಾಂಪ್ರದಾಯಿಕ ಉಡುಗೆ ತೊಟ್ಟ ಹುಡುಗಿಯರು ‘ಚಂಬೆಲ್ಲಿ’ ಎಂಬ ಬಳೆಯಾಕಾರದ ಸಿಹಿರೊಟ್ಟಿಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಹಬ್ಬ ಮುಗಿದ ಮೇಲೆ ಹಾವುಗಳು ಮರಳಿ ಕಾಡಿಗೆ.

ಬದಲಾವಣೆಯ ದಾಖಲೆ

1888ರಲ್ಲಿ ರೋಮ್–ಸುಲ್ಮೋನಾ ರೈಲುಮಾರ್ಗ ತೆರೆದ ಮೇಲೆ ಹೊರಗಿನವರಿಗೆ ಈ ಬೆಟ್ಟಸೀಮೆ ಹತ್ತಿರವಾಯಿತು. 1905ರ ತನ್ನ ನಾಟಕವೊಂದರಲ್ಲಿ ದಾನುಂಜಿಯೊ ಲೂಕೊ ಕಡೆಯ ಹಾವಾಡಿಗನೊಬ್ಬನನ್ನು ಪಾತ್ರವಾಗಿಸಿದ. 1907ರಲ್ಲಿ ಲಂಡನ್ನಿನ ‘ಫೋಕ್‌ಲೋರ್’ ಪತ್ರಿಕೆ ಕೊಕುಲ್ಲೊದ ಮೆರವಣಿಗೆಯ ವರದಿ ಪ್ರಕಟಿಸಿತು. ಮೇ ತಿಂಗಳ ಮೊದಲ ಗುರುವಾರ ನಡೆಯುತ್ತಿದ್ದ ಹಬ್ಬ 2012ರಿಂದ ಮೇ 1ಕ್ಕೆ ಬಂದಿತು. ಐರೋಪ್ಯ ಕಾನೂನು ಚೆರ್ವೊನೆಯನ್ನು ಸಂರಕ್ಷಿತ ಜೀವಿಯೆಂದು ಘೋಷಿಸಿರುವುದರಿಂದ ಹಾವು ಹಿಡಿಯಲು ಈಗ ವಿಶೇಷ ಅನುಮತಿ ಬೇಕು. ಉರಗತಜ್ಞರು ಹಿಡಿದ ಹಾವುಗಳನ್ನು ಅಳೆದು, ಆರೋಗ್ಯ ಪರೀಕ್ಷಿಸುತ್ತಾರೆ. ಹೀಗೆ ಸೆರ್ಪಾರಿಗಳ ಪರಂಪರಾಗತ ಅರಿವು ಜೀವವಿಜ್ಞಾನಕ್ಕೂ ಒದಗುತ್ತಿದೆ.

ಸಮಾರೋಪ

ಅಂಗಿಟಿಯಾಳ ವನದಿಂದ ಸಂತನ ಇಗರ್ಜಿಯವರೆಗೆ ಮುರಿಯದ ಒಂದೇ ಎಳೆಯನ್ನು ಆಧಾರಗಳ ಮೇಲೆ ತೋರಿಸಲಾಗದು. ಎರಡೂ ಕಾಲಕ್ಕೆ ಸಮಾನವಾಗಿದ್ದದ್ದು ಅದೇ ಬೆಟ್ಟ, ಅದೇ ಹಾವು, ಕಚ್ಚಿಸಿಕೊಂಡವನ ಅದೇ ಅಸಹಾಯಕತೆ. ಆ ಭಯಕ್ಕೆ ರೋಮನ್ ಕಾಲದವರು ದೇವಿಯಲ್ಲಿ, ಮಧ್ಯಯುಗದ ಕುರಿಗಾಹಿಗಳು ಮಠಾಧಿಪತಿಯಲ್ಲಿ ಅಭಯ ಕಂಡರು. ಇಂದು ವಿಷದ ಭಯ ತಗ್ಗಿದೆ, ಊರು ಬರಿದಾಗುವ ಭಯ ಹೆಚ್ಚಿದೆ. ವಲಸೆ ಹೋದವರನ್ನು ವರ್ಷಕ್ಕೊಮ್ಮೆಯಾದರೂ ಊರಿಗೆ ಕರೆತರುವ ಹೊಣೆ ಈಗ ಈ ಹಬ್ಬದ ಮೇಲಿದೆ. ಆದ್ದರಿಂದ ಕೊಕುಲ್ಲೊವನ್ನು ಪ್ರಾಚೀನತೆಯ ಪಳೆಯುಳಿಕೆಯೆಂದು ಹೊಗಳುವುದು ಅದಕ್ಕೆ ಸಲ್ಲುವ ಗೌರವವಲ್ಲ. ಪ್ರತಿ ತಲೆಮಾರೂ ತನ್ನ ಅಗತ್ಯಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಕೊಂಡ ಆಚರಣೆಯೆಂದು ಅದನ್ನು ಓದಬೇಕು.