ಆಟದ ಬಿಡುಗಡೆಯಲ್ಲಿ ವಿಲಂಬ: ಕಿನ್ನಾಳದಿಂದ ಕ್ಯೋಟೊದ ವರೆಗೆ

ಕೊಪ್ಪಳವು ಕನ್ನಡ ವಾಙ್ಮಯಕ್ಕೆ ಹೊಸ ಹೆಸರಲ್ಲ. ತಿರುಳ್ಗನ್ನಡದ ನಾಡನ್ನು ಗುರುತಿಸುವಲ್ಲಿ ಕವಿರಾಜಮಾರ್ಗವು ಕೊಪಣನಗರವನ್ನು ಎಣಿಸಿರುವದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆಟಿಕೆಗಳ ಇತಿಹಾಸದಲ್ಲಿಯೂ ಈ ಸೀಮೆಗೆ ಸ್ಥಾನವುಂಟು. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮರದ ಬೊಂಬೆಗಳನ್ನು ಮಾಡುತ್ತ ಬಂದಿವೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೆಂಬ ಐತಿಹ್ಯವೂ ಇದೆ. ಇತ್ತ ಯಲಬುರ್ಗಾ ಸೀಮೆಯ ಭಾನಾಪುರದಲ್ಲಿ ಸುಮಾರು 400 ಎಕರೆಗಳ ಆಟಿಕೆ ಕಾರ್ಖಾನೆಗಳ ಸಮುಚ್ಚಯಕ್ಕೆ 2021ನೆಯ ಇಸವಿಯ ಜನವರಿ 9ರಂದು ಅಡಿಗಲ್ಲನ್ನಿಡಲಾಯಿತು. ಕೈಗೆಲಸವೂ ಯಂತ್ರದ ಕೆಲಸವೂ ನೆರೆಹೊರೆಯಾಗಿರುವ ಈ ಪ್ರದೇಶದಲ್ಲಿ ಒಂದು ಪ್ರಶ್ನೆಯನ್ನು ವಿಚಾರಿಸುವದು ಉಚಿತವಾಗಿದೆ: ಆಟದ ವಸ್ತುವನ್ನು ನಿರ್ಮಿಸುವವನು ಅದನ್ನು ಜನರ ಕೈಗೆ ಕೊಡಲು ತಡಮಾಡುವದೇಕೆ?

ಈ ಪ್ರಶ್ನೆಯು ನಮ್ಮ ಕಾಲದಲ್ಲಿ ವಿಶೇಷವಾಗಿ ಕೇಳಿಬರುವದು ವಿಡಿಯೋ ಗೇಮ್ ಕನ್ಸೋಲುಗಳ ವಿಷಯದಲ್ಲಿ. ಕನ್ಸೋಲ್ ಎಂಬದು ಟೆಲಿವಿಜನ್ ತೆರೆಗೆ ಜೋಡಿಸಿ ಆಡುವ ಯಂತ್ರ. ಆಟಗಳು ಅದರಲ್ಲಿ ಇಡತಕ್ಕ ಬೇರೆ ಬೇರೆ ಕೃತಿಗಳು. ಯಂತ್ರವನ್ನು ಮಾಡುವ ಸಂಸ್ಥೆಯೇ ಕೆಲವು ಆಟಗಳನ್ನೂ ರಚಿಸುತ್ತದೆ. ಅಂಥ ಸಂಸ್ಥೆಯು ಸಾರಿದ ದಿನಕ್ಕೆ ಆಟವನ್ನು ಕೊಡದೆ ಹೋದರೆ ಅದು ಆಲಸ್ಯ ಅಥವಾ ವಂಚನೆ ಎಂಬದು ಪೂರ್ವಪಕ್ಷ. ಇತಿಹಾಸವನ್ನು ಪರಿಶೀಲಿಸಿದರೆ ವಿಲಂಬಕ್ಕೆ ಮೂರು ಕಾರಣಗಳು ತೋರಿಬರುತ್ತವೆ: ಪಾಕ, ದ್ರವ್ಯ, ಕಾಲ.

ಮೊದಲನೆಯದಾದ ಪಾಕವನ್ನು ಕಿನ್ನಾಳದ ಕೆಲಸವೇ ತಿಳಿಸಿಕೊಡುತ್ತದೆ. ಅಲ್ಲಿ ಹಗುರಾದ ಮರದಿಂದ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತುವರು. ಗರುಡನಿಗೆ 12, ಪೀಠಸ್ಥನಾದ ಗಣಪತಿಗೆ 22 ಭಾಗಗಳು. ನೆನೆಸಿ ಒಣಗಿಸಿ ಪುಡಿಮಾಡಿದ ಸೆಣಬನ್ನು ಮರದ ಹೊಟ್ಟು, ಹುಣಿಸೆಬೀಜದ ಅಂಟುಗಳೊಡನೆ ಕಲಸಿದ ‘ಕಿಟ್ಟ’ದಿಂದ ಅವುಗಳನ್ನು ಕೂಡಿಸುವರು. ಮೇಲೆ ಅರಳೆಯ ಹೊದಿಕೆ, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಕೆಳಗಿನ ಪದರು ಆರದೆ ಮೇಲಿನದನ್ನು ಹಚ್ಚುವಂತಿಲ್ಲ. ಹೀಗೆ ತಡವು ಕೆಲಸದ ಹೊರಗಿನದಲ್ಲ, ಕೆಲಸದ ಒಂದು ಭಾಗವೇ ಆಗಿದೆ.

ಕ್ಯೋಟೊ ನಗರದಲ್ಲಿ 1889ರಲ್ಲಿ ಆಟದ ಎಲೆಗಳನ್ನು ತಯಾರಿಸಲು ಆರಂಭವಾಗಿ, 1983ರಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಕನ್ಸೋಲನ್ನು ಹೊರತಂದ ನಿಂಟೆಂಡೊ ಸಂಸ್ಥೆಯಲ್ಲಿಯೂ ಇದೇ ನಿಯಮವು ಕಾಣುತ್ತದೆ. 2017ರಲ್ಲಿ ಸಾರಲ್ಪಟ್ಟ ‘ಮೆಟ್ರಾಯ್ಡ್ ಪ್ರೈಮ್ 4’ ಎಂಬ ಆಟವು ತಾನು ಬಯಸಿದ ಮಟ್ಟಕ್ಕೆ ಬಂದಿಲ್ಲವೆಂದು 2019ರ ಜನವರಿಯಲ್ಲಿ ಸಂಸ್ಥೆಯೇ ಬಹಿರಂಗವಾಗಿ ತಿಳಿಸಿ, ಕೆಲಸವನ್ನು ಬೇರೊಂದು ಶಾಲೆಗೆ ವಹಿಸಿ ಮೊದಲಿನಿಂದ ಪ್ರಾರಂಭಿಸಿತು. ಆಟವು ಹೊರಬಂದದ್ದು 2025ರ ಡಿಸೆಂಬರಿನಲ್ಲಿ.

ಎರಡನೆಯದು ದ್ರವ್ಯ. 1988ರಲ್ಲಿ ಆಟದ ಪೆಟ್ಟಿಗೆಗಳಿಗೆ ಬೇಕಾದ ಸ್ಮೃತಿ ಚಿಪ್ಪುಗಳ ಅಭಾವವುಂಟಾಯಿತು. ಜಪಾನಿನಲ್ಲಿ 1987ರ ಜನವರಿಯಲ್ಲಿಯೇ ದೊರೆತಿದ್ದ ‘ಜೆಲ್ಡಾ’ದ ಎರಡನೆಯ ಆಟವು ಅಮೇರಿಕೆಯನ್ನು ಮುಟ್ಟಿದ್ದು 1988ರ ಡಿಸೆಂಬರಿನಲ್ಲಿ. ಕೃತಿಯು ಸಿದ್ಧವಿದ್ದರೂ ಅದನ್ನು ತುಂಬುವ ಪಾತ್ರೆಯಿಲ್ಲದಿದ್ದರೆ ಕರ್ತೃವು ಮಾಡುವದೇನು?

ಮೂರನೆಯದಾದ ಕಾಲವೇ ಹೆಚ್ಚು ವಿಚಾರಾರ್ಹವಾದದ್ದು. ಪೂರ್ವಮೀಮಾಂಸೆಯ ಐದನೆಯ ಅಧ್ಯಾಯವು ಕರ್ಮಗಳ ಕ್ರಮವನ್ನು ವಿಚಾರಿಸುತ್ತದೆ. ಅಂಗವಾದ ಕರ್ಮವನ್ನು ಅದರ ಸ್ಥಾನದಿಂದ ಮುಂದಕ್ಕೆ ತಳ್ಳುವದು ಉತ್ಕರ್ಷ. ಹಿಂದಕ್ಕೆ ಎಳೆದು ಬೇಗನೆ ಮಾಡುವದು ಅಪಕರ್ಷ. ಕನ್ಸೋಲ್ ಮಾಡುವವನಿಗೆ ಯಂತ್ರವು ಅಂಗಿ, ಆಟವು ಅಂಗ. ಆಟವನ್ನು ಮಾತ್ರ ಮಾಡುವವನು ಆಟದ ಲಾಭವನ್ನಷ್ಟೇ ನೋಡಿದರೆ ಸಾಕು. ಯಂತ್ರವನ್ನೂ ಮಾಡುವವನು ಆ ಆಟದಿಂದ ಯಂತ್ರವು ಮಾರಾಟವಾಗುವದೇ ಎಂಬದನ್ನೂ ನೋಡಬೇಕು. 2005ರಲ್ಲಿ ಬರಬೇಕಾಗಿದ್ದ ‘ಟ್ವೈಲೈಟ್ ಪ್ರಿನ್ಸೆಸ್’ 2006ರ ನವೆಂಬರಿನಲ್ಲಿ ಹೊಸ ಯಂತ್ರವಾದ ವೀ ಎಂಬದರೊಡನೆ ಬಂದಿತು. ಹಳೆಯ ಗೇಮ್‌ಕ್ಯೂಬಿನವರಿಗೆ ಮುಂದಿನ ತಿಂಗಳು ದೊರೆಯಿತು. 2015ಕ್ಕೆಂದು ಸಾರಿದ್ದ ‘ಬ್ರೆತ್ ಆಫ್ ದಿ ವೈಲ್ಡ್’ 2017ರ ಮಾರ್ಚ್ 3ರಂದು, ಸ್ವಿಚ್ ಎಂಬ ಯಂತ್ರವು ಹೊರಬಂದ ದಿನವೇ, ಪ್ರಕಟವಾಯಿತು. ಇವು ಉತ್ಕರ್ಷದ ಉದಾಹರಣೆಗಳು. ಈ ಉತ್ಕರ್ಷದ ವೆಚ್ಚವನ್ನು ತೆತ್ತವರು ಆ ಆಟದ ಆಸೆಯಿಂದ ಹಳೆಯ ಯಂತ್ರವನ್ನು ಕೊಂಡು ಕುಳಿತವರೆಂಬದನ್ನೂ ಮರೆಯಲಾಗದು. ಪೂರ್ವಪಕ್ಷದಲ್ಲಿ ಸತ್ಯಾಂಶವಿದ್ದರೆ ಅದು ಇಲ್ಲಿಯೇ.

ಅಪಕರ್ಷದ ಫಲವು ಇನ್ನೂ ಕಠೋರವಾಗಿದೆ. 1982ರ ಜುಲೈ ಕೊನೆಯಲ್ಲಿ ‘ಇ.ಟಿ.’ ಎಂಬ ಚಲಚ್ಚಿತ್ರದ ಆಟವನ್ನು ಕ್ರಿಸ್‌ಮಸ್ ಹಬ್ಬದೊಳಗೆ ಮಾರಬೇಕೆಂದು ಅಮೇರಿಕೆಯ ಅಟಾರಿ ಸಂಸ್ಥೆಯು ನಿಶ್ಚಯಿಸಿತು. ಹೋವರ್ಡ್ ಸ್ಕಾಟ್ ವಾರ್ಷಾ ಎಂಬವರಿಗೆ ದೊರೆತದ್ದು ಸುಮಾರು ಐದು ವಾರ. ಆಟವು ಹಬ್ಬಕ್ಕೆ ಬಂದಿತು. ಆದರೆ ಪಾಕಕ್ಕೆ ಬಂದಿರಲಿಲ್ಲ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಇತರ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಹೂಳಲಾಯಿತು. 2014ರ ಏಪ್ರಿಲಿನಲ್ಲಿ ಅಗೆದಾಗ ಅವು ಮಣ್ಣಿನಿಂದ ಹೊರಬಂದವು. ಶಾಸನಗಳನ್ನೂ ಶಿಲ್ಪಗಳನ್ನೂ ಅಗೆದು ತೆಗೆಯುವ ಇತಿಹಾಸಜ್ಞರಿಗೆ ಆತುರದ ಸ್ಮಾರಕವೂ ಹೀಗೊಂದು ದೊರೆತಂತಾಯಿತು.

ಹಬ್ಬದ ಈ ಬಂಧನವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಅಪರಿಚಿತವಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಮರುದಿನ ಕೊಳ್ಳುವವರಿಲ್ಲ. ಚವತಿ ಕಳೆದ ಮೇಲೆ ಗಣಪತಿಗೆ ಗಿರಾಕಿಯಿಲ್ಲ. ಇಲ್ಲಿಯೇ ದೊಡ್ಡ ಸಂಸ್ಥೆಗೂ ಕುಶಲಕರ್ಮಿಗೂ ಇರುವ ಅಂತರವು ಗೋಚರವಾಗುತ್ತದೆ. ಹಳೆಯ ಆಟಗಳ ಗಳಿಕೆಯಿಂದ ಹೊಸದನ್ನು ಎರಡು ವರ್ಷ ತಡೆಹಿಡಿಯಬಲ್ಲ ಸಂಸ್ಥೆಗೆ ಪಾಕ, ಕಾಲಗಳೆರಡನ್ನೂ ಕಾಯುವ ಶಕ್ತಿಯುಂಟು. ಬೊಂಬೆ ಮಾರಿದ ದಿನವೇ ಒಲೆ ಹೊತ್ತಿಸಬೇಕಾದವನಿಗೆ ಎರಡರಲ್ಲೊಂದನ್ನು ಬಿಡಬೇಕಾಗುವದು: ಪದರು ಆರುವ ಮೊದಲೇ ಬಣ್ಣ ಹಚ್ಚಬೇಕು, ಇಲ್ಲವೆ ಹಬ್ಬವನ್ನು ಕಳೆದುಕೊಳ್ಳಬೇಕು.

ಆದಕಾರಣ ವಿಲಂಬವು ಸ್ವತಃ ಗುಣವೂ ಅಲ್ಲ, ದೋಷವೂ ಅಲ್ಲ. ಪಾಕಕ್ಕಾಗಿ ಮಾಡಿದ ತಡವು ಕೃತಿಗೆ ಹಿತವಾದದ್ದು. ದ್ರವ್ಯದ ಕೊರತೆಯಿಂದಾದದ್ದು ಕ್ಷಮಾರ್ಹವಾದದ್ದು. ಯಂತ್ರದ ಮಾರಾಟಕ್ಕಾಗಿ ಮಾಡಿದ್ದು ಕೊಳ್ಳುವವರಿಗೆ ಕಾರಣವನ್ನು ಹೇಳಿ ಮಾಡತಕ್ಕದ್ದು. ಭಾನಾಪುರದ ಕಾರ್ಖಾನೆಗಳನ್ನು ಪ್ರೋತ್ಸಾಹಿಸಿದಂತೆ ಕಿನ್ನಾಳದ ಚಿತ್ರಗಾರರಿಗೂ ಹಬ್ಬಕ್ಕೆ ಬಹು ಮುಂಚೆಯೇ ಮುಂಗಡ ದೊರೆಯುವ ಏರ್ಪಾಡಾದರೆ, ಪದರು ಆರುವ ವರೆಗೆ ಕಾಯುವದು ಅವರಿಗೂ ಸಾಧ್ಯವಾಗುವದು.