ಕೊಯ್ಲಾದ ಮೇಲಿನ ಮೊದಲ ಗಂಟೆಗಳು

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು ಕಂಗಾಲಾಗಿದ್ದರು. ಪೂರ್ವ ತೀರದ ನಗರಗಳಿಗೆ ರೈಲಿನಲ್ಲಿ ಕಳಿಸಿದ ಹಣ್ಣು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೂಷ್ಟು ಹಿಡಿದು ಕೊಳೆಯುತ್ತಿತ್ತು. ವ್ಯಾಗನ್ನುಗಳಲ್ಲಿ ಮಂಜುಗಡ್ಡೆ ತುಂಬಿಸಿದರೂ ಪೂರ್ತಿ ಪರಿಹಾರ ಸಿಗಲಿಲ್ಲ. ಅಮೆರಿಕದ ಕೃಷಿ ಇಲಾಖೆ ಜಿ. ಹೆರಾಲ್ಡ್ ಪೊವೆಲ್ ಎಂಬ ಹಣ್ಣುತಜ್ಞರನ್ನು ತನಿಖೆಗೆ ಕಳಿಸಿತು. ಅವರು ರೈಲಿನಷ್ಟೇ ಗಮನವನ್ನು ತೋಟದ ಮೇಲೂ ಇಟ್ಟರು. ಕತ್ತರಿಯ ತುದಿ ಸಿಪ್ಪೆಗೆ ತಗುಲಿ ಆದ ಗೀರು, ಉದ್ದವಾಗಿ ಉಳಿದ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚಿದ ತೂತು, ಪೆಟ್ಟಿಗೆಗೆ ಸುರಿಯುವಾಗ ಬಿದ್ದ ಪೆಟ್ಟು: ಬೂಷ್ಟು ಒಳಹೊಕ್ಕಿದ್ದು ಈ ಗಾಯಗಳ ಮೂಲಕ. ಸಿಪ್ಪೆ ಗಟ್ಟಿಯಾಗಿ ಉಳಿದ ಹಣ್ಣು ಅದೇ ರೈಲಿನಲ್ಲಿ, ಅಷ್ಟೇ ದಿನದ ಪ್ರಯಾಣವನ್ನು ತಾಳಿಕೊಳ್ಳುತ್ತಿತ್ತು. 1908ರಲ್ಲಿ ಪ್ರಕಟವಾದ ಅವರ ವರದಿ ಕೊಯ್ಲೋತ್ತರ ವಿಜ್ಞಾನದ ತಳಪಾಯಗಳಲ್ಲಿ ಒಂದು. ಅದು ಹೇಳಿದ ಮಾತು ನಮ್ಮ ಮಂಡಿಗಳಲ್ಲಿ ಇಂದಿಗೂ ಪೂರ್ತಿ ಜಾರಿಯಾಗಿಲ್ಲ.

ಕೊಯ್ದ ಹಣ್ಣೂ ಉಸಿರಾಡುತ್ತದೆ ಎಂಬುದು ಇದಕ್ಕಿಂತ ಹಳೆಯ ಅರಿವು. ಫ್ರಾನ್ಸಿನ ಮಾಂಪೆಲಿಯೆಯ ಜಾಕ್ ಬೆರಾರ್ 1821ರಷ್ಟು ಹಿಂದೆಯೇ, ಹಣ್ಣು ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಆಮ್ಲಜನಕವಿಲ್ಲದ ಕಡೆ ಮಾಗುವುದಿಲ್ಲ ಎಂದು ತೋರಿಸಿದ್ದರು. ಅದು ವ್ಯಾಪಾರಕ್ಕೆ ಇಳಿಯಲು ನೂರು ವರ್ಷವೇ ಬೇಕಾಯಿತು. ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ 1920ರ ದಶಕದಲ್ಲಿ ಸೇಬಿನ ಉಸಿರಾಟವನ್ನು ಅಳೆದು, ಗಾಳಿಯ ಮಿಶ್ರಣವನ್ನು ಬದಲಿಸಿ ಶೇಖರಿಸುವ ವಿಧಾನ ರೂಪಿಸಿದರು. 1929ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಅಂಥ ಮೊದಲ ವಾಣಿಜ್ಯ ಉಗ್ರಾಣ ಎದ್ದಿತು. ಶರತ್ಕಾಲದಲ್ಲಿ ಕೊಯ್ದ ಸೇಬನ್ನು ಮುಂದಿನ ಬೇಸಿಗೆಯಲ್ಲೂ ಮಾರಲು ಸಾಧ್ಯವಾದದ್ದು ಈ ದಾರಿಯಿಂದ.

ಎಥಿಲೀನ್ ಅನಿಲದ ಕಥೆ ಇದರ ಜೊತೆಗೇ ಸಾಗುತ್ತದೆ. ಮಾಗುವ ಸೇಬು ತಾನೇ ಈ ಅನಿಲವನ್ನು ಹುಟ್ಟಿಸುತ್ತದೆ ಎಂದು 1934ರಲ್ಲಿ ರಿಚರ್ಡ್ ಗೇನ್ ಸಾಬೀತುಪಡಿಸಿದರು. ಒಂದು ಮಾಗಿದ ಹಣ್ಣು ಇಡೀ ಪೆಟ್ಟಿಗೆಯನ್ನು ಮಾಗಿಸುವ ಗುಟ್ಟು ಇದೇ. 1990ರ ದಶಕದಲ್ಲಿ ನಾರ್ತ್ ಕ್ಯಾರೊಲಿನಾದ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲಾಂಕೆನ್‌ಶಿಪ್, ಎಥಿಲೀನಿನ ಪ್ರಭಾವವನ್ನೇ ತಡೆಯುವ 1-ಎಂಸಿಪಿ ಎಂಬ ಸಂಯುಕ್ತವನ್ನು ಕಂಡುಕೊಂಡರು. ಜಗತ್ತಿನ ಸೇಬು ವ್ಯಾಪಾರದಲ್ಲಿ ಇಂದು ಅದರ ಬಳಕೆ ವ್ಯಾಪಕ. ಭಾರತದಲ್ಲಿ ಮಾವು, ಬಾಳೆಗೆ ಕ್ಯಾಲ್ಸಿಯಂ ಕಾರ್ಬೈಡ್ ಹಾಕುವುದು ನಿಷಿದ್ಧ. ಅದರ ಬದಲು ಎಥಿಲೀನ್ ಅನಿಲದಿಂದಲೇ ಹಣ್ಣು ಮಾಡಲು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಅನುಮತಿ ಕೊಟ್ಟಿತು.

ಇಷ್ಟಾದರೂ ಇಡೀ ಕ್ಷೇತ್ರದ ಜುಟ್ಟು ಇರುವುದು ಉಷ್ಣತೆಯ ಕೈಯಲ್ಲಿ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಹಣ್ಣಿನ ಉಸಿರಾಟದ ವೇಗ ಸರಿಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊಲದಲ್ಲಿ ಕೊಯ್ದ ಟೊಮೆಟೊ ತನ್ನೊಳಗೆ ಆ ಬಿಸಿಲನ್ನು ಹೊತ್ತೇ ಲಾರಿ ಹತ್ತುತ್ತದೆ. ಈ ಬಿಸಿಯನ್ನು ಕೊಯ್ದ ಕೆಲವೇ ಗಂಟೆಯಲ್ಲಿ ತೆಗೆಯುವುದೇ ಪ್ರೀಕೂಲಿಂಗ್. ಪೆಟ್ಟಿಗೆಯ ತೂತುಗಳ ಮೂಲಕ ತಣ್ಣನೆಯ ಗಾಳಿಯನ್ನು ರಭಸದಿಂದ ಎಳೆಯುವುದು, ತಣ್ಣೀರಿನಲ್ಲಿ ಅದ್ದುವುದು, ಸೊಪ್ಪಿನ ತರಕಾರಿಯನ್ನು ನಿರ್ವಾತದಲ್ಲಿಟ್ಟು ತಂಪಾಗಿಸುವುದು ಅದರ ಬಗೆಗಳು. ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಶೈತ್ಯ ಲಾರಿಯ ಯಂತ್ರ ಇರುವ ತಂಪನ್ನು ಕಾಯ್ದುಕೊಳ್ಳಲು ಮಾಡಿದ್ದು. ಬಿಸಿ ಸರಕನ್ನು ಬೇಗ ತಣಿಸುವ ಬಲ ಅದಕ್ಕಿಲ್ಲ. ಸಾಮಾನ್ಯ ಶೈತ್ಯಾಗಾರದ್ದೂ ಅದೇ ಪಾಡು. ತೋಟದ ಬದಿಯಲ್ಲಿ ತಂಪು ಮಾಡದೆ ಮುಂದಿನ ಹಂತಗಳಿಗೆ ಸುರಿಯುವ ದುಡ್ಡು ಅರ್ಧ ವ್ಯರ್ಥ.

ತಂಪು ಅತಿಯಾದರೂ ಕಷ್ಟವೇ. 13 ಡಿಗ್ರಿಗಿಂತ ಕೆಳಗೆ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಮಾವಿನ ಕಾಯಿ, ಹಸಿರು ಟೊಮೆಟೊ ಕೂಡ ಹೆಚ್ಚು ಚಳಿ ತಡೆಯವು. ಆಲೂಗಡ್ಡೆಗೆಂದು ಕಟ್ಟಿದ ಕೋಣೆಯಲ್ಲಿ ಎಲ್ಲವನ್ನೂ ತುಂಬಲಾಗದು.

ಭಾರತದಲ್ಲಿ ಈ ವಿದ್ಯೆಗೆ ಮೈಸೂರು ಒಂದು ತವರು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಹಣ್ಣಿನ ಮೇಲೆ ತೆಳುವಾದ ಮೇಣದ ಲೇಪ ಕೊಟ್ಟು ನೀರು ಆರದಂತೆ ಉಳಿಸುವ ವಿಧಾನಗಳನ್ನು ರೂಪಿಸಿತು. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಸುಶಾಂತ ಕೆ. ರಾಯ್ ಮತ್ತು ಡಿ.ಎಸ್. ಖುರ್ಡಿಯಾ ವಿದ್ಯುತ್ತೇ ಬೇಡದ ಶೀತಕೋಣೆಯನ್ನು ಕೊಟ್ಟರು. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಏಳೂವರೆ ಸೆಂಟಿಮೀಟರ್ ಮರಳು, ಅದಕ್ಕೆ ದಿನಾ ನೀರು, ಅಷ್ಟೇ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ. ಒಣ ಬೇಸಿಗೆಯಲ್ಲಿ ಒಳಗಿನ ಉಷ್ಣತೆ ಹೊರಗಿಗಿಂತ ಹತ್ತು ಹದಿನೈದು ಡಿಗ್ರಿ ಇಳಿಯಬಲ್ಲದು. ಕಲಬುರಗಿ, ರಾಯಚೂರಿನಂಥ ಒಣ ಸೀಮೆಗೆ ಹೇಳಿ ಮಾಡಿಸಿದ ಈ ಉಪಾಯ ಊರೂರಿಗೆ ಹೋಗದೆ ಉಳಿದದ್ದು ನಿಜಕ್ಕೂ ನೋವಿನ ವಿಷಯ.

ಸಹಕಾರಿ ರಂಗ ತೋರಿದ ದಾರಿ ಬೇರೆ. 1959ರಲ್ಲಿ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ರೈತನಿಗೂ ಗಿರಾಕಿಗೂ ನಡುವಿನ ಕೈಗಳನ್ನು ಕಡಿಮೆ ಮಾಡಿತು. ಕೈ ಬದಲಾದಷ್ಟೂ ಸುರಿಯುವುದು, ಎತ್ತಿಹಾಕುವುದು ಹೆಚ್ಚುವುದರಿಂದ ಇದೂ ಹಾಳಾಗುವುದನ್ನು ತಡೆಯುವ ಕ್ರಮವೇ. 1991ರಲ್ಲಿ ಮಹಾರಾಷ್ಟ್ರದ ಸಹಕಾರ ಸಂಘಗಳು ಸೇರಿ ಕಟ್ಟಿದ ಮಹಾಗ್ರೇಪ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದ್ರಾಕ್ಷಿ ಬೆಳೆಯುವ ಊರುಗಳಲ್ಲೇ ಪ್ರೀಕೂಲಿಂಗ್ ಘಟಕಗಳನ್ನು ನಡೆಸಿತು. ಆ ದ್ರಾಕ್ಷಿ ಸಮುದ್ರಯಾನ ಮುಗಿಸಿ ಯುರೋಪಿನ ಅಂಗಡಿ ಸೇರಿತು.

ಕೋಲಾರದ ಎಪಿಎಂಸಿಗೆ ಹೋದವರಿಗೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಬಿದಿರು ಬುಟ್ಟಿಯ ಚೂಪು ಅಂಚು ಕಾಯಿಗೆ ಚುಚ್ಚುತ್ತದೆ, ತಳದ ಹಣ್ಣು ಮೇಲಿನ ಭಾರಕ್ಕೆ ನಲುಗುತ್ತದೆ. ಈಗ ಟೊಮೆಟೊ ಬರುವುದು 15 ಕೆ.ಜಿ. ಹಿಡಿಯುವ ಪ್ಲಾಸ್ಟಿಕ್ ಕ್ರೇಟಿನಲ್ಲಿ. ಒಂದರ ಮೇಲೊಂದು ಜೋಡಿಸಿದರೆ ಭಾರ ಕ್ರೇಟಿನ ಮೇಲೆ ಬೀಳುತ್ತದೆ, ಹಣ್ಣಿನ ಮೇಲಲ್ಲ. ತಳಿಯೂ ಬದಲಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುವುದಲ್ಲದೆ, ಗಟ್ಟಿ ಹಣ್ಣಿನಿಂದಾಗಿ ದೂರದ ಪ್ರಯಾಣವನ್ನೂ ತಾಳುತ್ತದೆ. ಮಾವಿನಲ್ಲಿ ಬಲೆ ಮತ್ತು ಬ್ಲೇಡು ಕಟ್ಟಿದ ದೋಟಿ ಬಂದು, ತೊಟ್ಟಿನ ಸಮೇತ ಕೊಯ್ದು ಸೊನೆ ಇಳಿಸಿದ ಕಾಯಿಗೆ ಕಪ್ಪುಕಲೆ ಬೀಳುವುದು ಕಡಿಮೆಯಾಯಿತು. ಆದರೆ ಬೆಲೆ ಕುಸಿದ ದಿನ ರೈತ ಟೊಮೆಟೊವನ್ನು ರಸ್ತೆ ಬದಿಗೆ ಸುರಿದರೆ, ಅದನ್ನು ಯಾವ ಕ್ರೇಟೂ ತಡೆಯಲಾರದು. ಅಲ್ಲಿ ಬೇಕಾದದ್ದು ಸಾಸ್, ಪ್ಯೂರಿ ಮಾಡುವ ಘಟಕ ಮತ್ತು ಮುಂಗಡ ಒಪ್ಪಂದ.

ದೇಶ ಎಲ್ಲಿ ಎಡವಿದೆ ಎಂಬುದನ್ನು 2015ರ ರಾಷ್ಟ್ರೀಯ ಶೀತಲ ಸರಪಳಿ ಅಧ್ಯಯನ ಬಿಚ್ಚಿಟ್ಟಿತು. ಸುಮಾರು 3.5 ಕೋಟಿ ಟನ್ ಶೈತ್ಯಾಗಾರ ಸಾಮರ್ಥ್ಯ ಬೇಕಿದ್ದಲ್ಲಿ 3.2 ಕೋಟಿ ಟನ್ನಿನಷ್ಟು ಆಗಲೇ ಇತ್ತು. ಶೈತ್ಯ ವಾಹನಗಳು ಬೇಕಿದ್ದದ್ದು ಸುಮಾರು 62 ಸಾವಿರ. ಇದ್ದದ್ದು ಹತ್ತು ಸಾವಿರಕ್ಕೂ ಕಡಿಮೆ. ಇನ್ನು ಕೊಯ್ದ ಸರಕನ್ನು ವಿಂಗಡಿಸಿ, ತಣಿಸಿ, ಕಟ್ಟುವ ಪ್ಯಾಕ್‌ಹೌಸ್‌ಗಳು ಬೇಕಿದ್ದದ್ದು 70,080, ಇದ್ದದ್ದು 249. ಸರಪಳಿಯ ಕೊನೆಯ ಕೊಂಡಿಯನ್ನು ಭದ್ರಮಾಡಿ ಮೊದಲ ಕೊಂಡಿಯನ್ನು ಮರೆತಂತಾಯಿತು. 2020ರಲ್ಲಿ ದೇವಳಾಲಿಯಿಂದ ದಾನಾಪುರಕ್ಕೆ ಮೊದಲು ಹೊರಟ ಕಿಸಾನ್ ರೈಲು ದೂರವನ್ನು ಬೇಗ ಕ್ರಮಿಸಿತು. ಹಣ್ಣು ಬಿಸಿಯಾಗಿಯೇ ಹತ್ತಿದರೆ ಆ ವೇಗದ ಲಾಭ ಅರ್ಧಕ್ಕೆ ನಿಲ್ಲುತ್ತದೆ.

ನಷ್ಟದ ಲೆಕ್ಕವೂ ಇದನ್ನೇ ಹೇಳುತ್ತದೆ. ಲೂಧಿಯಾನದ ಸಿಫೆಟ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸೀಬೆಯ ನಷ್ಟ ಶೇ 15.88, ಟೊಮೆಟೊದ್ದು ಶೇ 12.44. ನಬಾರ್ಡಿನ ಸಲಹಾ ಸಂಸ್ಥೆ ನ್ಯಾಬ್‌ಕಾನ್ಸ್‌ನ 2022ರ ಸಮೀಕ್ಷೆಯಲ್ಲಿ ಅವು ಶೇ 15.05 ಮತ್ತು ಶೇ 11.61. ಏಳು ವರ್ಷದಲ್ಲಿ ಒಂದು ಶೇಕಡಾಂಶವೂ ಇಳಿದಿಲ್ಲ.

ರೈತ ಉತ್ಪಾದಕ ಸಂಸ್ಥೆಗಳು, ಸಹಕಾರ ಸಂಘಗಳು ಸರ್ಕಾರದ ಮುಂದೆ ಬೇಡಿಕೆ ಇಡುವಾಗ ಪಟ್ಟಣದ ಅಂಚಿನ ದೊಡ್ಡ ಶೈತ್ಯಾಗಾರಕ್ಕಿಂತ ಮೊದಲು ಊರಿನ ಪ್ಯಾಕ್‌ಹೌಸನ್ನು ಕೇಳಬೇಕು: ನೆರಳು, ವಿಂಗಡಿಸುವ ಮೇಜು, ಕ್ರೇಟು, ಸೌರಶಕ್ತಿಯಿಂದ ನಡೆಯುವ ಒಂದು ಪ್ರೀಕೂಲಿಂಗ್ ಕೋಣೆ. ಶ್ರೀನಿವಾಸಪುರದ ಮಾವಿಗೂ ಕೋಲಾರದ ಟೊಮೆಟೊಗೂ ಈಗ ತುರ್ತಾಗಿ ಬೇಕಿರುವುದು ಇಷ್ಟು.